ಕೊಲೆಯ ಕಾನೂನಿನಲ್ಲಿ ಮನೋಭಾವದ ಸ್ಥಾನ

ಹೂವಿನಹಡಗಲಿ ಸೀಮೆಯು 1800ರಲ್ಲಿ ಕಂಪನಿ ಸರಕಾರದ ವಶವಾಗಿ, 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಆದುದರಿಂದ 1862ರಲ್ಲಿ ಸ್ಥಾಪಿತವಾದ ಮದರಾಸು ಹೈಕೋರ್ಟಿನ ತೀರ್ಪುಗಳೇ ಇಲ್ಲಿನ ಕೊಲೆ ಮೊಕದ್ದಮೆಗಳಿಗೆ ಪ್ರಮಾಣವಾಗಿದ್ದುವು.

1860ರ ದಂಡಸಂಹಿತೆಯು ಮನುಷ್ಯವಧೆಯನ್ನೆಲ್ಲ ಕೊಲೆಯೆಂದು ಕರೆಯಲಿಲ್ಲ. ಕೃತ್ಯದಿಂದ ಮರಣವುಂಟಾಗಬೇಕು, ಅದರ ಹಿಂದೆ ಕೊಲ್ಲುವ ಉದ್ದೇಶವೋ, ಮರಣಕ್ಕೆ ಸಾಲುವಂಥ ಗಾಯ ಮಾಡುವ ಉದ್ದೇಶವೋ, ಸಾವು ಬಹುಮಟ್ಟಿಗೆ ನಿಶ್ಚಿತವೆಂಬ ಅರಿವೋ ಇರಬೇಕು, ಹಠಾತ್ ಉದ್ರೇಕವೇ ಮೊದಲಾದ ವಿನಾಯಿತಿಗಳು ಅನ್ವಯಿಸಬಾರದು.

1912ರ ಒಂದು ಪ್ರಕರಣದಲ್ಲಿ, ವಿಷ ಬೆರೆಸಿದ ಹಲ್ವವನ್ನು ಉದ್ದೇಶಿತ ವ್ಯಕ್ತಿಗೆ ಬದಲಾಗಿ ಬಾಲಿಕೆಯೊಬ್ಬಳು ತಿಂದು ಸತ್ತಳು. ಕೊಲ್ಲುವ ಉದ್ದೇಶವಿದ್ದುದರಿಂದ ಹೈಕೋರ್ಟು ಅದನ್ನು ಕೊಲೆಯೆಂದೇ ಎಣಿಸಿತು. 1919ರ ಪಳನಿ ಗೌಂಡನ್ ಮೊಕದ್ದಮೆಯಾದರೋ ಇದಕ್ಕೆ ವ್ಯತಿರಿಕ್ತ. ಪತಿಯು ನೇಗಿಲ ಗುಳದಿಂದ ಪತ್ನಿಯ ತಲೆಗೆ ಹೊಡೆದನು. ಸತ್ತಳೆಂದು ಭ್ರಮಿಸಿ, ಆತ್ಮಹತ್ಯೆಯೆಂದು ತೋರಿಸಲು ನೇಣು ಹಾಕಿದನು. ಆಕೆಯ ಪ್ರಾಣ ಹೋದುದು ನೇಣಿನಿಂದ. ಹೊಡೆದಾಗ ಕೊಲ್ಲುವ ಉದ್ದೇಶ ಸಿದ್ಧವಾಗಲಿಲ್ಲ. ಶವವೆಂದು ನಂಬಿ ನೇಣು ಹಾಕಿದವನಲ್ಲಿ ಕೊಲ್ಲುವ ಬುದ್ಧಿ ಇರಲಾರದು. ಪೂರ್ಣಪೀಠವು ಇದು ಕೊಲೆಯಲ್ಲವೆಂದಿತು. ತೀವ್ರ ಗಾಯದ ಅಪರಾಧವಷ್ಟೇ ಉಳಿಯಿತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ಕೈಯ ಕೃತ್ಯದೊಡನೆ ಮನಸ್ಸನ್ನೂ ತೂಗಿ ನೋಡುವ ಆ ವಿವೇಚನೆ ಮಾತ್ರ ಬದಲಾಗಿಲ್ಲ. ಆರೋಪಿಯ ಪ್ರಾಣವು ಅನೇಕ ವೇಳೆ ಈ ತೂಕವನ್ನೇ ಅವಲಂಬಿಸಿರುತ್ತದೆ.