ಮದ್ರಾಸ್ ನೋಡದ ಮದ್ರಾಸಿಗಳು

1950ರ ಸುಮಾರಿಗೆ ಧಾರವಾಡದ ಹುಡುಗನೊಬ್ಬ ನೌಕರಿ ಹುಡುಕಿಕೊಂಡು ಮುಂಬೈಗೆ ಹೋದ ಅಂತ ಇಟ್ಟುಕೊಳ್ಳಿ. ಅವನ ಜಿಲ್ಲೆ ಆಗ ಇದ್ದದ್ದೇ ಮುಂಬೈ ರಾಜ್ಯದಲ್ಲಿ. ಲೆಕ್ಕಕ್ಕೆ ಅವನು ತನ್ನ ರಾಜಧಾನಿಗೇ ಬಂದಿದ್ದ. ಆದರೂ ಅಲ್ಲಿನವರ ಬಾಯಲ್ಲಿ ಅವನು ಮದ್ರಾಸಿ. ಜೋಳದ ರೊಟ್ಟಿ ಉಂಡು ಬೆಳೆದವನಿಗೆ ಇಡ್ಲಿ ಸಾಂಬಾರಿನ ವಂಶಾವಳಿ! ಮೈಸೂರಿನವನದ್ದೂ ಇದೇ ಕತೆ, ಅವನದು ಒಡೆಯರ ಸಂಸ್ಥಾನ. ಕಲಬುರಗಿಯವನು ಎರಡು ವರ್ಷದ ಹಿಂದಿನವರೆಗೂ ನಿಜಾಮನ ಪ್ರಜೆ. ಕಾಗದಪತ್ರದ ಪ್ರಕಾರ ಮದ್ರಾಸಿ ಅನ್ನಿಸಿಕೊಳ್ಳಬಹುದಾಗಿದ್ದ ಕನ್ನಡ ಸೀಮೆ ಅಂದರೆ ಮುಖ್ಯವಾಗಿ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ. ಬಳ್ಳಾರಿ 1953ರಲ್ಲಿ, ಉಳಿದೆರಡು 1956ರಲ್ಲಿ ಮೈಸೂರಿಗೆ ಸೇರಿದವು. 1969ರಲ್ಲಿ ಮದ್ರಾಸ್ ರಾಜ್ಯ ತಮಿಳುನಾಡಾಯಿತು, 1996ರಲ್ಲಿ ಮದ್ರಾಸ್ ನಗರ ಚೆನ್ನೈ ಆಯಿತು. ಊರೇ ಹೆಸರು ಬಿಟ್ಟುಕೊಟ್ಟ ಮೇಲೂ ಊರಿನವರಲ್ಲದವರ ಮೈಮೇಲೆ ಆ ಹೆಸರು ಉಳಿದುಕೊಂಡಿತು.

ಇದರಲ್ಲಿ ಕೆಡುಕೇನಿದೆ ಅಂತ ಕೇಳುವವರಿದ್ದಾರೆ. ಹಗೆ ಇಲ್ಲ, ಬೈಗುಳ ಅಲ್ಲ, ಸುಮ್ಮನೆ ಒಂದು ಗುರುತು. ಈ ವಾದಕ್ಕೆ ಕನ್ನಡದಲ್ಲಿ ಅನುಕೂಲವೂ ಹೆಚ್ಚು. ಇಂಗ್ಲಿಷಿನವರು ರೇಸಿಸಂ ಅನ್ನುವುದಕ್ಕೆ ನಾವು ‘ಜನಾಂಗದ್ವೇಷ’ ಅಂದುಕೊಂಡು ಬಂದಿದ್ದೇವೆ. ದ್ವೇಷವನ್ನು ಪದದೊಳಗೇ ಕೂರಿಸಿಬಿಟ್ಟ ಮೇಲೆ, ದ್ವೇಷವಿಲ್ಲದೆ ಆಡಿದ ಮಾತಿಗೆಲ್ಲ ಮಾಫಿ. “ನಂಗೇನ್ ಅವ್ರ ಮೇಲೆ ಸಿಟ್ಟಿಲ್ಲಪ್ಪ, ಮಾರ್ವಾಡಿಗಳು ಜುಗ್ಗರು ಅಂತ ಎಲ್ರೂ ಹೇಳೋದೇ ಅಲ್ವಾ” ಅಂದರೆ ಮುಗಿಯಿತು.

ಹಾಗಂತ ಎಲ್ಲದಕ್ಕೂ ರೇಸಿಸಂ ಅಂತ ಸೀಲು ಒತ್ತಲು ನನಗೆ ಮನಸ್ಸಿಲ್ಲ. ಧಾರವಾಡದವರ ಮಾತು ಒರಟು, ಮೈಸೂರಿನವರದು ಬೆಣ್ಣೆ ಎನ್ನುವ ಕೀಟಲೆ ನಮ್ಮಲ್ಲಿ ಎಷ್ಟು ಹಳೆಯದೋ. ಒರಟು ಅಂದವನಿಗೆ “ನಿಮ್ಮಂಗ ಹೊಟ್ಟ್ಯಾಗೊಂದು ಬಾಯಾಗೊಂದು ನಮಗ ಬರಂಗಿಲ್ರೀ” ಅನ್ನುವ ಉತ್ತರ ಸ್ಥಳದಲ್ಲೇ ಸಿಗುತ್ತದೆ. ಚಂದ್ರನ ಮೇಲೆ ಮೊದಲು ಕಾಲಿಟ್ಟವನಿಗೆ ಅಲ್ಲಿ ಮಲಯಾಳಿಯ ಚಹಾ ಅಂಗಡಿ ಕಂಡಿತೆಂಬ ಜೋಕನ್ನು ಮಲಯಾಳಿಗಳೇ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ. ಎರಡೂ ಕಡೆಯವರು ಸಮಸಮ ನಿಂತು ಆಡುವ ಆಟ ಇದು. ನನಗೆ ಇಂಥವಕ್ಕಿಂತ ಅನುಮಾನ ಬರುವುದು ಹೊಗಳಿಕೆಗಳ ಮೇಲೆ.

ರಾತ್ರಿ ಸೀಟಿ ಊದುತ್ತ ಬೀದಿ ಸುತ್ತುವವನು ಅಸ್ಸಾಮಿನವನಿರಲಿ, ಒಡಿಶಾದವನಿರಲಿ, ನಮಗೆ ಅವನು ಗೂರ್ಖಾ. ಗೂರ್ಖಾ ಅಂದರೆ ಧೈರ್ಯ, ನಿಯತ್ತು. ಎಷ್ಟು ಒಳ್ಳೆಯ ಮಾತು! ಆದರೆ ಈ ಪ್ರಮಾಣಪತ್ರ ಬರೆದವರು ಬ್ರಿಟಿಷರು. 1857ರ ದಂಗೆಯ ನಂತರ ಅವರು ಹಿಂದೂಸ್ತಾನದ ಜನರನ್ನು ಯುದ್ಧಕ್ಕೆ ಹುಟ್ಟಿದವರು, ಅಲ್ಲದವರು ಎಂದು ವಿಂಗಡಿಸಿದರು. ಗೂರ್ಖಾಗಳು, ಸಿಖ್ಖರು, ಪಠಾಣರು ಮೇಲಿನ ಪಟ್ಟಿಗೆ ಹೋದರು. ಕೆಳಗಿನ ಪಟ್ಟಿಗೆ ಬಿದ್ದವರಲ್ಲಿ ಮದ್ರಾಸಿಗಳೂ ಒಬ್ಬರು. 1881ರಿಂದ 1885ರವರೆಗೆ ಮದ್ರಾಸ್ ಸೇನೆಯ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್ ಆಮೇಲೆ ಇಡೀ ಹಿಂದೂಸ್ತಾನದ ಸೇನೆಗೆ ಮುಖ್ಯಸ್ಥನಾದ. ದಕ್ಷಿಣದವರು ಸೈನಿಕರಾಗಲು ತಕ್ಕವರಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಮದ್ರಾಸಿನ ಪಲ್ಟನ್‌ಗಳು ಒಂದೊಂದಾಗಿ ಕರಗಿದವು. ಟಿಪ್ಪುವಿನ ವಿರುದ್ಧ ಕಂಪನಿಯ ಪರವಾಗಿ ಕಾದಾಡಿದ್ದ ಸಿಪಾಯಿಗಳ ಮೊಮ್ಮಕ್ಕಳಿಗೆ ಕಾಲ್ದಳದಲ್ಲಿ ಜಾಗವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಆಳುಗಳು ಸಾಲದೆ ಬಂದಾಗ ಅದೇ ಮದ್ರಾಸಿಗಳಿಗೆ ಮತ್ತೆ ಬಾಗಿಲು ತೆರೆಯಿತು. ಗೂರ್ಖಾನ ನಿಯತ್ತನ್ನು ಹೊಗಳುವಾಗ ಈ ಇನ್ನರ್ಧ ಯಾರ ನೆನಪಿಗೂ ಬರುವುದಿಲ್ಲ.

ಮದ್ರಾಸಿ ಎಂಬ ಪದ ಮುಂಬೈಯಲ್ಲಿ ಏನು ಮಾಡಿತು ಎನ್ನುವುದಂತೂ ದಾಖಲೆಯಲ್ಲೇ ಇದೆ. 1960ರಲ್ಲಿ ಬಾಳ ಠಾಕ್ರೆ ‘ಮಾರ್ಮಿಕ್’ ವಾರಪತ್ರಿಕೆ ಶುರುಮಾಡಿದರು. ಅದರಲ್ಲಿ ‘ಓದಿ, ಸುಮ್ಮನೆ ಕೂತಿರಿ’ ಎಂಬರ್ಥದ ಶೀರ್ಷಿಕೆಯ ಕೆಳಗೆ ನಗರದ ಕಂಪನಿಗಳ ಅಧಿಕಾರಿಗಳ ಹೆಸರುಗಳ ಪಟ್ಟಿ ಬರುತ್ತಿತ್ತು, ಹೆಚ್ಚಿನವು ದಕ್ಷಿಣದ ಹೆಸರುಗಳು. ಟೀಕೆಯಿಲ್ಲ, ಟಿಪ್ಪಣಿಯಿಲ್ಲ, ಬರೀ ಹೆಸರು. 1966ರಲ್ಲಿ ಶಿವಸೇನೆ ಹುಟ್ಟಿತು. ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಘೋಷಣೆ ಕೇಳಿಬಂತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಹೋಟೆಲಿನ ಗಲ್ಲಾದಲ್ಲಿ ಕೂತವನ ಮನೆಮಾತು ತುಳು. ಆಫೀಸಿನಲ್ಲಿ ಸ್ಟೆನೋ ಆಗಿದ್ದವನದು ತಮಿಳೋ ಮಲಯಾಳವೋ. ಕಲ್ಲು ಹೊಡೆದವನು ಅದನ್ನೆಲ್ಲ ವಿಚಾರಿಸುವ ಅಗತ್ಯವೇ ಬರಲಿಲ್ಲ. ಅವರನ್ನೆಲ್ಲ ಒಂದೇ ಕಂತೆ ಕಟ್ಟಿಡುವ ಕೆಲಸವನ್ನು ಯಾರ ಮೇಲೂ ಸಿಟ್ಟಿಲ್ಲದ ಮಂದಿ ಎಷ್ಟೋ ವರ್ಷ ಮೊದಲೇ ಮಾಡಿ ಮುಗಿಸಿದ್ದರು. ನನ್ನ ಮಟ್ಟಿಗೆ ನಿರುಪದ್ರವಿ ಮಾತಿನ ಉಪದ್ರವ ಇರುವುದು ಇಲ್ಲಿ.

ಮುಂಬೈಗೆ ಇನ್ನೊಂದು ಚಮತ್ಕಾರವೂ ಗೊತ್ತು. ದಕ್ಷಿಣದವನನ್ನು ಅದು ‘ಅಣ್ಣಾ’ ಅನ್ನುತ್ತದೆ, ಉತ್ತರಪ್ರದೇಶ ಬಿಹಾರದವನನ್ನು ‘ಭೈಯ್ಯಾ’ ಅನ್ನುತ್ತದೆ. ಎರಡೂ ಒಡಹುಟ್ಟಿದವರನ್ನು ಕರೆಯುವ ಮಾತು, ಎರಡೂ ಹೊರಗಿನವನ ಗುರುತಾದವು. 2008ರಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರು ಹೊಡೆತ ತಿಂದದ್ದು ಭೈಯ್ಯಾಗಳೆಂದೇ. ನಮ್ಮ ಬೆಂಗಳೂರಿನ ‘ಸೇಟು’ವಿನ ಕತೆ ಇನ್ನೂ ತಮಾಷೆ. ಸಂಸ್ಕೃತದ ಶ್ರೇಷ್ಠಿಯಿಂದ ಬಂದ ಸೇಠ್ ಅದು. ನಮ್ಮ ಶೆಟ್ಟಿಯೂ ಅಲ್ಲಿಂದಲೇ ಬಂದವನು. ಮುಂಬೈಯಲ್ಲಿ ಕಲ್ಲು ತಿಂದ ಹೋಟೆಲಿನ ಶೆಟ್ಟರಿಗೂ ಚಿಕ್ಕಪೇಟೆಯಲ್ಲಿ ಜುಗ್ಗ ಅನ್ನಿಸಿಕೊಳ್ಳುವ ಸೇಟುವಿಗೂ ಹೆಸರಿನಲ್ಲಿ ದಾಯಾದಿತನ.

ಈಗ ಮದ್ರಾಸಿ ಎನ್ನುವುದು ದೆಹಲಿಯ ಹೊಸ ಹುಡುಗರಿಗೆ ಸ್ವಲ್ಪ ನಾಚಿಕೆ. ಅದರ ಬದಲು ‘ಸೌತ್ ಇಂಡಿಯನ್’ ಅನ್ನುತ್ತಾರೆ, ಪಕ್ಕದಲ್ಲಿ ಇಡ್ಲಿ ಮಾತ್ರ ಹಾಗೇ ಇದೆ. ಬೆಂಗಳೂರು ಅದಕ್ಕೆ ಸರಿಯಾಗಿ ‘ನಾರ್ತ್ ಇಂಡಿಯನ್’ ಅನ್ನುವುದನ್ನು ಕಲಿತಿದೆ. ಐಟಿ ಕಂಪನಿಯ ಗುಜರಾತಿ ಮ್ಯಾನೇಜರ್, ಅವನ ಅಪಾರ್ಟ್‌ಮೆಂಟಿಗೆ ಗಾರೆ ಮೆತ್ತಿದ ಬಿಹಾರಿ, ಗೇಟು ಕಾಯುವ ಒಡಿಯಾ, ಎಲ್ಲ ಒಂದೇ ಹೆಸರಿನಡಿ. ಕನ್ನಡ ಬಾರದ್ದಕ್ಕೆ ಬೀದಿಯಲ್ಲಿ ಜಗಳ ಹತ್ತಿದರೆ ಮ್ಯಾನೇಜರ್ ಕಾರಿನ ಗಾಜು ಏರಿಸಿಕೊಂಡು ಹೋಗುತ್ತಾನೆ; ಕೈಗೆ ಸಿಗುವವನು ಗಾರೆಯವನು.