ಮುಟ್ಟಿ ಕಲಿಯೋ ಯಂತ್ರಗಳ ಕಥೆ, ಬೆಲೆ ಸಮೇತ

(1/6)
ಈ ಕ್ಯಾಪ್ಷನ್ ಓದ್ತಿರೋ ಫೋನನ್ನ ಒಮ್ಮೆ ವೈಬ್ರೇಟ್‌ಗೆ ಹಾಕಿ ನೋಡಿ. ಕೈಯಲ್ಲಿ ಒಂದು ಸಣ್ಣ ನಡುಕ ಬಂತಲ್ವಾ? ಫೋನು ನಿಮ್ಮ ಚರ್ಮದ ಜೊತೆ ಮಾತಾಡ್ತು. ಈ ವಿದ್ಯೆಗೆ ಹ್ಯಾಪ್ಟಿಕ್ಸ್ ಅಂತ ಹೆಸರು. 'ಮುಟ್ಟು' ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದಿದ್ದು. ನಾವು ಕನ್ನಡದಲ್ಲಿ ಸ್ಪರ್ಶ ತಂತ್ರಜ್ಞಾನ ಅನ್ನೋಣ.

ನಮಗೆ ಇದು ಮೆಸೇಜು, ಗೇಮು ಇಷ್ಟರಲ್ಲೇ ಪರಿಚಯ. ಆದ್ರೆ ಬೆರಳಿಗೆ ಪಾಠ ಹೇಳಿಕೊಡೋ ಪ್ರಯತ್ನ ಇದಕ್ಕಿಂತ ತುಂಬಾ ಹಳೇದು. ನಾನು ಓದ್ತಿರೋದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಯಂತ್ರದಷ್ಟೇ ನನ್ನ ಗಮನ ಹೋಗಿದ್ದು ಅದರ ಲೆಕ್ಕದ ಮೇಲೆ. ಯಾರಿಗೋಸ್ಕರ ಮಾಡಿದ್ರು? ದುಡ್ಡು ಎಲ್ಲಿಂದ ಬಂತು? ಒಳ್ಳೇ ಯಂತ್ರಗಳು ಯಾಕೆ ಮುಚ್ಚಿಹೋದವು?

(2/6)
ಮೊದಲು ಪ್ಯಾರಿಸ್‌ಗೆ ಹೋಗೋಣ. ಅಲ್ಲಿನ ಅಂಧ ಮಕ್ಕಳ ಶಾಲೆಯಲ್ಲಿ ಮಾಮೂಲಿ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಓದಿಸ್ತಿದ್ರು. ದಪ್ಪ ದಪ್ಪ ಪುಸ್ತಕಗಳು. ಮಕ್ಕಳು ನಿಧಾನಕ್ಕೆ ಓದಬಹುದಿತ್ತು, ಆದ್ರೆ ತಾವೇ ಬರೆಯೋಕೆ ಆಗ್ತಿರಲಿಲ್ಲ.

ಆಮೇಲೆ ಚಾರ್ಲ್ಸ್ ಬಾರ್ಬಿಯೆ ಅನ್ನೋರು 12 ಚುಕ್ಕೆಗಳ ಒಂದು ಲಿಪಿ ತಂದ್ರು. ತೊಂದರೆ ಏನಂದ್ರೆ, 12 ಚುಕ್ಕೆ ಒಂದೇ ಬೆರಳ ತುದಿಗೆ ಒಟ್ಟಿಗೆ ಸಿಗಲ್ಲ. ಅದೇ ಶಾಲೆಯ ಹುಡುಗ ಲೂಯಿ ಬ್ರೈಲ್ ಅದನ್ನ 6 ಚುಕ್ಕೆಗೆ ಇಳಿಸಿದ. 1824, ಅವನಿಗಾಗ 15 ವರ್ಷ. ಕಣ್ಣಿನ ಅಕ್ಷರವನ್ನ ಬೆರಳಿಗೆ ಹೊಂದಿಸೋದು ಬಿಟ್ಟು, ಬೆರಳಿನ ಅಳತೆಗೇ ಹೊಸ ಅಕ್ಷರ ಮಾಡಿದ.

ಇನ್ನೊಂದು ವಿಷಯ ಗಮನಿಸಿ. ಬ್ರೈಲ್ ಬರೆಯೋಕೆ ಒಂದು ಪಟ್ಟಿ, ಒಂದು ಮೊಳೆಯಂಥ ಕಡ್ಡಿ, ದಪ್ಪ ಕಾಗದ ಇದ್ರೆ ಸಾಕು. ಅಷ್ಟು ಅಗ್ಗ. ಆದ್ರೂ ಫ್ರಾನ್ಸ್ ಅದನ್ನ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಬ್ರೈಲ್ ತೀರಿಹೋಗಿ 2 ವರ್ಷ ಆದ್ಮೇಲೆ. ಭಾರತೀಯ ಭಾಷೆಗಳಿಗೆಲ್ಲ ಹೊಂದೋ ಭಾರತಿ ಬ್ರೈಲ್ ಬಂದಿದ್ದು 1951ರಲ್ಲಿ. ಅದರಲ್ಲಿ ನಮ್ಮ 'ಕ' ಅಕ್ಷರಕ್ಕೂ ಇಂಗ್ಲಿಷಿನ 'ಕೆ'ಗೂ ಅವೇ 2 ಚುಕ್ಕೆ!

(3/6)
ಈಗ ಅಮೆರಿಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಜಾನ್ ಲಿನ್ವಿಲ್. ಅವರ ಮಗಳು ಕ್ಯಾಂಡಿಗೆ ಚಿಕ್ಕಂದಿನಲ್ಲೇ ದೃಷ್ಟಿ ಹೋಗಿತ್ತು. ಅವಳ ಪುಸ್ತಕಗಳನ್ನ ಅಮ್ಮ ಕೂತು ಬ್ರೈಲ್‌ಗೆ ಇಳಿಸಿಕೊಡ್ತಿದ್ರು. 1962ರಲ್ಲಿ ಲಿನ್ವಿಲ್ ಜರ್ಮನಿಯಲ್ಲಿ ಒಂದು ವೇಗದ ಪ್ರಿಂಟರ್ ನೋಡಿದ್ರು. ಸಣ್ಣ ಸಣ್ಣ ಪಿನ್ನುಗಳು ಕಾಗದಕ್ಕೆ ಬಡಿದು ಅಕ್ಷರ ಮೂಡಿಸ್ತಿದ್ವು. ಅವರಿಗೆ ಹೊಳೀತು: ಈ ಪಿನ್ನು ಕಾಗದದ ಬದಲು ಬೆರಳಿಗೆ ಬಡಿದ್ರೆ?

ಹಾಗೆ ಹುಟ್ಟಿದ್ದು ಆಪ್ಟಕಾನ್. ಬಲಗೈಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಪುಸ್ತಕದ ಸಾಲಿನ ಮೇಲೆ ಸರಿಸ್ತಾ ಹೋಗಬೇಕು. ಎಡಗೈಯ ತೋರುಬೆರಳು 144 ಪಿನ್ನುಗಳ ಮೇಲೆ ಇರುತ್ತೆ, 24 ಸಾಲು, ಸಾಲಿಗೆ 6. ಕ್ಯಾಮೆರಾ ಕೆಳಗೆ ಇಂಗ್ಲಿಷಿನ 'ಓ' ಬಂದ್ರೆ ಬೆರಳಡಿ ಪಿನ್ನುಗಳು ಉಂಗುರದ ಆಕಾರದಲ್ಲಿ ನಡುಗುತ್ತೆ. ಬ್ರೈಲ್‌ಗೆ ಇಳಿಸಿಕೊಡೋರು ಬೇಕಿಲ್ಲ. ಅಂಗಡಿಯಲ್ಲಿ ಸಿಗೋ ಯಾವ ಪುಸ್ತಕ ಆದ್ರೂ, ಬ್ಯಾಂಕಿನಿಂದ ಬಂದ ಕಾಗದ ಆದ್ರೂ ತಾನೇ ಓದಬಹುದು. ಕ್ಯಾಂಡಿ ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲೇ ಓದಿ ಪಿಎಚ್‌ಡಿ ಮಾಡಿದ್ರು.

1970ರ ಸುಮಾರಿಗೆ ಟೆಲಿಸೆನ್ಸರಿ ಅನ್ನೋ ಕಂಪನಿ ಶುರುವಾಗಿ ಇದನ್ನ ಮಾರಾಟಕ್ಕೆ ತಂತು. ಸುಮಾರು 25 ವರ್ಷ ನಡೀತು. 1996ರಲ್ಲಿ ನಿಂತುಹೋಯ್ತು.

(4/6)
ಯಾಕೆ ನಿಂತ್ತು? ಆ ಹೊತ್ತಿಗೆ ಕಂಪ್ಯೂಟರ್ ಪುಟವನ್ನ ಸ್ಕ್ಯಾನ್ ಮಾಡಿ ಗಟ್ಟಿಯಾಗಿ ಓದಿ ಹೇಳೋಕೆ ಕಲಿತಿತ್ತು. ಆಪ್ಟಕಾನ್ ಕಲಿಯೋಕೆ ತುಂಬಾ ಅಭ್ಯಾಸ ಬೇಕು, ಓದೋ ವೇಗ ಬ್ರೈಲ್‌ಗಿಂತಲೂ ಕಡಿಮೆ. ಜೊತೆಗೆ ನಮ್ಮ ಕಾಸ್ಟ್ ಅಕೌಂಟಿಂಗ್ ಪಾಠ: ಗಿರಾಕಿಗಳು ಕಡಿಮೆ ಇದ್ರೆ ಸ್ಥಿರ ವೆಚ್ಚ ಎಲ್ಲ ಆ ಕೆಲವೇ ಯಂತ್ರಗಳ ಮೇಲೆ ಬೀಳುತ್ತೆ. ಬೆಲೆ ಇಳಿಯೋಕೆ ದಾರಿಯೇ ಇರಲ್ಲ.

"ಮಾತಲ್ಲೇ ಕೇಳಿಸುತ್ತಲ್ಲ, ಮತ್ತೇನು ನಷ್ಟ?" ಅಂತ ನೀವು ಕೇಳಬಹುದು. ನಷ್ಟ ಆಗಿದ್ದು ಆಕಾರ.

ನಮ್ಮ ಕ್ಲಾಸಲ್ಲಿ ಒಬ್ಬ ಗೆಳೆಯನಿಗೆ ಕಣ್ಣು ಕಾಣಲ್ಲ. ನೋಟ್ಸ್ ಎಲ್ಲ ಫೋನೇ ಓದಿ ಹೇಳುತ್ತೆ, ನನಗಿಂತ ಬೇಗ ಮುಗಿಸ್ತಾನೆ. ಆದ್ರೆ ಇಕನಾಮಿಕ್ಸ್‌ನಲ್ಲಿ ಗ್ರಾಫ್ ಬಂದ ಕೂಡ್ಲೇ ಫೋನು "ಇಮೇಜ್" ಅಂತ ಒಂದೇ ಪದ ಹೇಳಿ ಮುಂದಕ್ಕೆ ಹೋಗುತ್ತೆ. ನಾನು ಅವನ ಬಲ ಅಂಗೈ ಮೇಲೆ ಬೆರಳಲ್ಲಿ ಡಿಮ್ಯಾಂಡ್ ಗೆರೆ ಎಳೆದೆ, ಅದನ್ನ ದಾಟೋ ಹಾಗೆ ಸಪ್ಲೈ ಗೆರೆ ಎಳೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಪ್ಲೈ ಜಾಸ್ತಿ ಆದ್ರೆ ಈ ಗೆರೆ ಹೆಬ್ಬೆರಳ ಕಡೆ ಜರುಗುತ್ತೆ, ಅಲ್ವಾ? ಹಾಗಾದ್ರೆ ಬೆಲೆ ಇಳೀತು" ಅಂದ. ಬಾಯಲ್ಲಿ ವಿವರಿಸಿದಾಗ ಕೂರದಿದ್ದ ವಿಷಯ ಅಂಗೈಯಲ್ಲಿ ಕೂತಿತ್ತು. ಅಂಗೈ ಏನೋ ಪುಕ್ಕಟೆ. ಆದ್ರೆ ಪರೀಕ್ಷೆ ಹಾಲ್‌ಗೆ ನನ್ನ ಬೆರಳು ಅವನ ಜೊತೆ ಹೋಗಲ್ಲ.

(5/6)
ಈಗ ಒಂದು ವರ್ಷ ಮುಂದೆ ಬನ್ನಿ, 1997. ಆ ವರ್ಷ ನಿಂಟೆಂಡೊ ಕಂಪನಿ ರಂಬಲ್ ಪ್ಯಾಕ್ ಬಿಡುಗಡೆ ಮಾಡ್ತು, ಗೇಮ್ ಕಂಟ್ರೋಲರ್‌ಗೆ ಸಿಕ್ಕಿಸೋ ಪುಟ್ಟ ಡಬ್ಬಿ. ಇಂಥ ಡಬ್ಬಿ ಒಳಗಿನ ಗುಟ್ಟು ತುಂಬಾ ಸರಳ: ಮೋಟರಿನ ಕಡ್ಡಿಗೆ ಒಂದೇ ಪಕ್ಕ ಭಾರ ಕಟ್ಟಿದ್ರೆ, ತಿರುಗಿದಾಗ ಎಲ್ಲಾ ಅಲ್ಲಾಡುತ್ತೆ. ಅದೇ ವರ್ಷದ ಕೊನೆಗೆ ಸೋನಿ ಡ್ಯುಯಲ್‌ಶಾಕ್ ತಂತು. ಸ್ಪರ್ಶ ತಂತ್ರಜ್ಞಾನ ಮನೆಮನೆಗೆ ಬಂದಿದ್ದು ಆಟದ ಬೆನ್ನು ಹತ್ತಿ.

ಕಲಾವಿದರಿಗೂ ಆಗಲೇ ಒಂದು ಸಾಧನ ಸಿಕ್ಕಿತ್ತು. 1990ರ ದಶಕದ ಶುರುವಿನಲ್ಲಿ ಎಂಐಟಿಯ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸಾಲಿಸ್‌ಬರಿ ಫ್ಯಾಂಟಮ್ ಅನ್ನೋ ಯಂತ್ರ ಮಾಡಿದ್ರು. ಅದರ ತುದಿಗೆ ಟೈಲರ್‌ಗಳು ಬೆರಳಿಗೆ ಹಾಕ್ಕೊಳ್ಳೋ ಟೋಪಿಯಂಥದ್ದು, ಹಿಂದೆ 3 ಮೋಟರು. ಪರದೆ ಮೇಲಿನ ಗೋಡೆಗೆ ಬೆರಳು ತಾಗಿದ್ರೆ ಮೋಟರು ವಾಪಸ್ ತಳ್ಳುತ್ತೆ. ಸಿನಿಮಾಗೆ ಸೆಕೆಂಡಿಗೆ 24 ಚಿತ್ರ ಸಾಕು. ಗಟ್ಟಿ ಗೋಡೆ ಅಂತ ಬೆರಳನ್ನ ನಂಬಿಸೋಕೆ ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕ ಹಾಕಬೇಕು! ಇದರಿಂದಲೇ ಕಂಪ್ಯೂಟರ್ ಒಳಗಿನ 'ಜೇಡಿಮಣ್ಣ'ನ್ನ ಕೈಯಲ್ಲಿ ಒತ್ತಿ, ಕೆತ್ತಿ ಶಿಲ್ಪ ಮಾಡೋ ಸಾಫ್ಟ್‌ವೇರ್ ಬಂತು.

ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ಎಳೆ ಇದೆ. ಎಂಐಟಿಯಲ್ಲಿ ಟಚ್ ಲ್ಯಾಬ್ ಕಟ್ಟಿದ ಮಂಡಯಂ ಶ್ರೀನಿವಾಸನ್ ಓದಿದ್ದು ಬೆಂಗಳೂರು ವಿಶ್ವವಿದ್ಯಾಲಯ ಮತ್ತು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಐಐಎಸ್‌ಸಿಯಲ್ಲಿ. 2002ರಲ್ಲಿ ಅವರ ತಂಡ ಮತ್ತು ಲಂಡನ್ನಿನ ಯುಸಿಎಲ್ ತಂಡ ಫ್ಯಾಂಟಮ್ ಹಿಡಿದು, ಅಟ್ಲಾಂಟಿಕ್ ಸಾಗರದ ಆಚೆ ಒಬ್ಬರು ಈಚೆ ಒಬ್ಬರು, ಇಂಟರ್ನೆಟ್ ಮೇಲೆ ಒಂದೇ ಪೆಟ್ಟಿಗೆಯನ್ನ ಒಟ್ಟಿಗೆ ಎತ್ತಿದ್ರು. ಒಬ್ಬರ ತಳ್ಳು ಇನ್ನೊಬ್ಬರ ಕೈಗೆ ಗೊತ್ತಾಗ್ತಿತ್ತು.

(6/6)
ಹಾಗಾದ್ರೆ ಕ್ಲಾಸ್‌ರೂಮ್? ಆಪ್ಟಕಾನ್ ಹುಟ್ಟಿದ ಸ್ಟ್ಯಾನ್‌ಫರ್ಡ್‌ನಲ್ಲೇ 1997ರ ಹೊತ್ತಿಗೆ ಹ್ಯಾಪ್ಟಿಕ್ ಪ್ಯಾಡಲ್ ಅನ್ನೋ ಸಣ್ಣ ಸಾಧನ ಬಂತು. ಒಂದು ಹಿಡಿ, ಒಂದು ಮೋಟರು, ಒಂದು ಕೇಬಲ್ಲು. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಜೋಡಿಸಬೇಕು. ಸ್ಪ್ರಿಂಗಿನ ಬಿಗಿತದ ಸಂಖ್ಯೆಯನ್ನ ಕಂಪ್ಯೂಟರಲ್ಲಿ ಏರಿಸಿದ್ರೆ ಹಿಡಿ ಕೈಗೆ ಬಿಗಿಯಾಗುತ್ತೆ. ಸಮೀಕರಣ ಬೆರಳಿಗೆ ಅರ್ಥ ಆಗುತ್ತೆ. ಅದನ್ನ ರೂಪಿಸಿದವರಲ್ಲಿ ಒಬ್ಬರಾದ ಆಲಿಸನ್ ಒಕಮುರಾ ಮುಂದೆ 2013ರಲ್ಲಿ ಆನ್‌ಲೈನ್ ಕೋರ್ಸಿಗೆ ಹ್ಯಾಪ್‌ಕಿಟ್ ತಂದ್ರು. ನಂತರದ ಆವೃತ್ತಿಗಳ ಭಾಗಗಳನ್ನ 3ಡಿ ಪ್ರಿಂಟರಲ್ಲೇ ಮಾಡ್ಕೊಬಹುದು, ನಕ್ಷೆ ಎಲ್ಲರಿಗೂ ಮುಕ್ತ. ಬ್ರೈಲ್‌ನ ಪಟ್ಟಿ, ಕಡ್ಡಿ ನೆನಪಾಯ್ತಾ? ಅದೇ ದಾರಿ.

ನಮ್ಮಲ್ಲೂ ಕೆಲಸ ಆಗ್ತಿದೆ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಮಾಡಿದ 'ಆ್ಯನಿ' ಯಂತ್ರ ಮಕ್ಕಳಿಗೆ ಬ್ರೈಲ್ ಓದೋದು, ಬರೆಯೋದು ಆಟದ ಥರ ಕಲಿಸುತ್ತೆ. ಐಐಟಿ ಮದ್ರಾಸಿನ ತಂಡ 2022ರಲ್ಲಿ, ನುಣುಪು ಗಾಜಿನ ಪರದೆ ಮೇಲೇ ವಿದ್ಯುತ್ತಿನಿಂದ ಬೆರಳಿಗೆ ಒರಟು, ಅಂಚು ಎಲ್ಲ ಅನಿಸೋ ಹಾಗೆ ಮಾಡಿ ತೋರಿಸ್ತು. ಇಂಥ ಪರದೆ ಮಾಮೂಲಿ ಫೋನಿಗೆ ಬಂದ ದಿನ ಡಿಮ್ಯಾಂಡ್ ಗೆರೆಯನ್ನ ಯಾರ ಅಂಗೈ ಮೇಲೂ ಎಳೆಯಬೇಕಿಲ್ಲ.

ಆದ್ರೆ ಇತಿಹಾಸ ಹೇಳೋದು ಇಷ್ಟೇ: ಯಂತ್ರ ಕಂಡುಹಿಡಿದ್ರೆ ಮಾತ್ರ ಸಾಲದು, ಅದು ಅಗ್ಗ ಆಗಬೇಕು, ಇಲ್ಲಾ ಯಾರಾದ್ರೂ ನಷ್ಟ ಹೊತ್ತುಕೊಂಡು ನಡೆಸಬೇಕು. ಗೇಮ್ ಆಡೋರು ಕೋಟಿಗಟ್ಟಲೆ ಇದ್ದಾರೆ, ಅವರಿಗೆ ಮಾರುಕಟ್ಟೆಯೇ ಸಾಕು. ಗ್ರಾಫ್ ಮುಟ್ಟಿ ನೋಡಬೇಕಾದ ವಿದ್ಯಾರ್ಥಿ ಕಾಲೇಜಿಗೆ ಒಬ್ಬನೋ ಇಬ್ಬರೋ. ಅವರ ಖರ್ಚು ಕಾಲೇಜಿನ ಬಜೆಟ್ಟಲ್ಲಿ ಒಂದು ಸಾಲಾಗಿ ಬರೆಯೋವರೆಗೂ ಒಳ್ಳೊಳ್ಳೇ ಯಂತ್ರಗಳು ಪ್ರದರ್ಶನದ ಟೇಬಲ್ ಮೇಲೇ ಉಳಿಯುತ್ತೆ.

ನಿಮ್ಮ ಕಾಲೇಜಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಗ್ರಾಫ್, ನಕ್ಷೆ ಹೇಗೆ ಕಲಿಸ್ತಾರೆ? ಗೊತ್ತಿದ್ರೆ ಕಾಮೆಂಟಲ್ಲಿ ಬರೀರಿ, ಗೊತ್ತಿಲ್ಲ ಅಂದ್ರೆ ನಾಳೆ ಹೋಗಿ ಕೇಳಿ. ಪಾಠ ಮಾಡೋ ಯಾರಾದ್ರೂ ಪರಿಚಯ ಇದ್ರೆ ಅವರಿಗೂ ಈ ಸರಣಿ ಕಳಿಸಿ. 🙏🏽

#ಕನ್ನಡ #ಇತಿಹಾಸ #ಸ್ಪರ್ಶತಂತ್ರಜ್ಞಾನ #ಬ್ರೈಲ್