ಮತ್ಸ್ಯವಿನೋದ: ಚಾಲುಕ್ಯರ ಕಾಲದ ಗಾಳದ ವಿದ್ಯೆ

ಬೆಳ್ವೊಲ ಮುನ್ನೂರು ಎಂಬ ಪ್ರಾಚೀನ ಆಡಳಿತ ವಿಭಾಗದ ಮುಖ್ಯ ಪಟ್ಟಣವಾಗಿದ್ದ ಅಣ್ಣಿಗೇರಿಯು ಕರಿಮಣ್ಣಿನ ಬಯಲುಸೀಮೆಯ ಊರು. ವರ್ಷವಿಡೀ ಹರಿಯುವ ಹೊಳೆ ಅದರ ಮಗ್ಗುಲಲ್ಲಿಲ್ಲ. ಸುತ್ತಲ ಸೀಮೆಯ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಮಳೆಗಾಲದಲ್ಲಿ ದಂಡೆ ಮೀರಿ ಉಕ್ಕಿ, ಬೇಸಿಗೆಯಲ್ಲಿ ಸೊರಗುತ್ತವೆ. 1050ರ ಸುಮಾರಿನ ಅಮೃತೇಶ್ವರ ದೇವಾಲಯದಿಂದಲೂ ಆದಿಕವಿ ಪಂಪನ ನಂಟಿನಿಂದಲೂ ಹೆಸರಾದ ಈ ಊರನ್ನು ಮೀನು ಹಿಡಿಯುವ ವಿದ್ಯೆಯ ಚರಿತ್ರೆಯೊಡನೆ ಯಾರೂ ಸಾಮಾನ್ಯವಾಗಿ ಜೋಡಿಸುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಲಚುರಿ ಬಿಜ್ಜಳನಿಂದ ತಮ್ಮ ರಾಜಧಾನಿ ಕಲ್ಯಾಣವನ್ನು ಕಳೆದುಕೊಂಡ ಚಾಲುಕ್ಯರಿಗೆ ಆಸರೆಯಾದದ್ದು ಅಣ್ಣಿಗೇರಿಯೇ. ಮೂರನೆಯ ತೈಲಪನು ಇಲ್ಲಿಗೆ ಬಂದು ನೆಲೆನಿಂತನು. ವಂಶದ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರನು 1184ರ ಸುಮಾರಿನಲ್ಲಿ ರಾಜ್ಯವನ್ನು ಮರಳಿ ಪಡೆದು, ಹೊಯ್ಸಳರು ಮತ್ತು ಸೇವುಣರ ಒತ್ತಡಕ್ಕೆ ಸಿಕ್ಕಿ ಕುಸಿಯುವವರೆಗೆ ಇದನ್ನು ತನ್ನ ನೆಲೆಯಾಗಿ ಉಳಿಸಿಕೊಂಡನು. ಇದೇ ಅರಸುಮನೆತನದಲ್ಲಿ, ಕಲ್ಯಾಣವು ಇನ್ನೂ ವೈಭವದಲ್ಲಿದ್ದಾಗ, ಗಾಳ ಹಾಕುವ ಕಲೆಯನ್ನು ಒಂದು ಶಾಸ್ತ್ರವಾಗಿ ಕಂಡು ಬರೆದಿಟ್ಟ ಗ್ರಂಥವು ಹುಟ್ಟಿತ್ತು.

ಆ ಗ್ರಂಥವೇ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಇರುವ ಈ ಸಂಸ್ಕೃತ ವಿಶ್ವಕೋಶವನ್ನು ಆರನೆಯ ವಿಕ್ರಮಾದಿತ್ಯನ ಮಗನೂ ‘ಭೂಲೋಕಮಲ್ಲ’, ‘ಸರ್ವಜ್ಞ ಚಕ್ರವರ್ತಿ’ ಎಂಬ ಬಿರುದುಗಳನ್ನು ಧರಿಸಿದವನೂ ಆದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಿದ್ಧಪಡಿಸಿದನು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ, ರಾಜ್ಯವನ್ನು ಗಳಿಸುವ ಬಗೆಯಿಂದ ಹಿಡಿದು ಅಡುಗೆ, ಸಂಗೀತ, ಚಿತ್ರಕಲೆ, ಆನೆಗಳ ಆರೈಕೆಗಳವರೆಗೆ ಅರಸನೊಬ್ಬನು ತಿಳಿದಿರಬೇಕಾದ ಸಂಗತಿಗಳನ್ನು ಅದು ಪೋಣಿಸುತ್ತದೆ. ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವಿದೆ. ಇಂಗ್ಲೆಂಡಿನಲ್ಲಿ ಗಾಳದ ಬಗೆಗಿನ ಮೊದಲ ಮುದ್ರಿತ ಪ್ರಬಂಧವು ಹೊರಬಂದದ್ದು 1496ರಲ್ಲಿ, ಅಂದರೆ ಇದಾದ ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ, ಎಂಬುದನ್ನು ನೆನೆದರೆ ಈ ಅಧ್ಯಾಯದ ಮಹತ್ವ ಸ್ಪಷ್ಟವಾಗುತ್ತದೆ.

ಮತ್ಸ್ಯವಿನೋದವು ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಅವು ಕಡಲಿನವೋ ಸಿಹಿನೀರಿನವೋ, ಹುರುಪೆಯುಳ್ಳವೋ ಹುರುಪೆಯಿಲ್ಲದವೋ ಎಂದು ವಿಂಗಡಿಸುತ್ತದೆ. ಆ ಬಳಿಕ ಅವುಗಳ ಆಹಾರಕ್ಕೂ ಗಾಳದಿಂದ ಹಿಡಿಯುವ ಕ್ರಮಕ್ಕೂ ಹೊರಳುತ್ತದೆ. ಈ ಕ್ರಮವೇ ಗಮನಾರ್ಹವಾದದ್ದು. ಯಾವ ಮೀನು ಏನನ್ನು ತಿನ್ನುತ್ತದೆಂದು ಮೊದಲು ಅರಿತು, ಹಿಟ್ಟಿನ ಉಂಡೆಗೆ ಬರುವ ಮೀನಿಗೂ ಮಾಂಸಕ್ಕೆ ಬರುವ ಮೀನಿಗೂ ಇರುವ ಭೇದವನ್ನು ತಿಳಿದು, ನೀರಿನ ಒಂದು ನೆಲೆಯಲ್ಲಿ ಮೇವು ಹಾಕಿ ಮೀನುಗಳನ್ನು ಅಲ್ಲಿಗೆ ಪಳಗಿಸಿ, ಕೊನೆಗಷ್ಟೇ ಗಾಳವನ್ನು ನೀರಿಗೆ ಬಿಡಬೇಕೆಂಬ ಚಿಂತನೆಯ ಹಿಂದೆ ನೀರಿನ ದಂಡೆಯಲ್ಲೇ ಬಾಳಿದವರ ದೀರ್ಘಕಾಲದ ಅವಲೋಕನವಿದೆ. ಅರಸನ ಹೆಸರಿನಲ್ಲಿ ನಿಂತಿರುವ ಈ ವಿವರಗಳು ಮೂಲತಃ ಅಂಬಿಗರು, ಬೆಸ್ತರು ಮೊದಲಾದ ಜಲವೃತ್ತಿಯ ಸಮುದಾಯಗಳಿಂದ ಅರಮನೆಯನ್ನು ತಲುಪಿರಬೇಕೆಂದು ಊಹಿಸುವುದು ನ್ಯಾಯವಾದದ್ದು. ದೋಣಿಯನ್ನೂ ಬಲೆಯನ್ನೂ ಕೈಯಲ್ಲಿ ಹಿಡಿದವರ ಹೊರತು ಬೇರೆ ಯಾರಿಗೂ ಇಷ್ಟು ಸೂಕ್ಷ್ಮವಾದ ತಿಳಿವು ದಕ್ಕುವಂಥದಲ್ಲ. ಹಿಡಿದ ಮೀನನ್ನು ಹೇಗೆ ಅಡುಗೆ ಮಾಡಬೇಕೆಂಬುದನ್ನೂ ಗ್ರಂಥವು ಬಿಟ್ಟಿಲ್ಲ: ಮೂರನೆಯ ವಿಂಶತಿಯ ‘ಅನ್ನಭೋಗ’ದಲ್ಲಿ ಮೀನಿನ ತುಂಡುಗಳನ್ನು ಹುಣಸೆಯ ರಸದೊಡನೆ ಬೇಯಿಸಿ, ಹಿಟ್ಟು ಹಚ್ಚಿ, ಎಣ್ಣೆಯಲ್ಲಿ ಕರಿಯುವ ಕ್ರಮವಿದೆ.

ಗಾಳದ ವಿದ್ಯೆಯ ಕಠಿಣವಾದ ಭಾಗವು ದೊಡ್ಡ ಎರೆಯನ್ನು, ವಿಶೇಷವಾಗಿ ಸತ್ತ ಇಡೀ ಮೀನನ್ನು, ಕೊಕ್ಕೆಗೆ ಪೋಣಿಸುವುದು. ಎರೆ ಎಂದರೆ ಮೀನನ್ನು ಸೆಳೆಯಲು ಗಾಳಕ್ಕೆ ಸಿಕ್ಕಿಸುವ ತಿನಿಸು. ಹಿಟ್ಟಿನ ಉಂಡೆಯಾದರೆ ಮೀನಿನ ಬಾಯಲ್ಲಿ ಕರಗಿ ಕೊಕ್ಕೆಯ ಮೊನೆಯು ತಾನಾಗಿ ಹೊರಬೀಳುತ್ತದೆ. ಗೇಣುದ್ದದ ಸತ್ತ ಮೀನಾದರೆ ಅದರ ಮಾಂಸದಲ್ಲಿಯೇ ಮೊನೆಯು ಹೂತುಹೋಗಿ, ಬೇಟೆಯ ಮೀನು ಎರೆಯನ್ನು ಕಚ್ಚಿಕೊಂಡರೂ ಗಾಳಕ್ಕೆ ಬೀಳುವುದಿಲ್ಲ. ಆದುದರಿಂದ ಮೊನೆಯು ಬಯಲಾಗಿ ಉಳಿಯುವಂತೆ ಪೋಣಿಸಬೇಕು. ಕೊಕ್ಕೆಯ ಬಾಗು, ಅಂದರೆ ಮೊನೆಗೂ ಕಾಲಿಗೂ ನಡುವಿನ ತೆರಪು, ಎರೆಯ ದಪ್ಪಕ್ಕಿಂತ ಅಗಲವಾಗಿರಬೇಕು. ಬೇಟೆಯ ಮೀನುಗಳು ಸಾಮಾನ್ಯವಾಗಿ ಎರೆಯನ್ನು ಅಡ್ಡಲಾಗಿ ಕಚ್ಚಿ, ಬಳಿಕ ಹೊರಳಿಸಿ, ರೆಕ್ಕೆಯ ಮುಳ್ಳುಗಳು ಗಂಟಲಿಗೆ ಚುಚ್ಚದಂತೆ ತಲೆಯ ಕಡೆಯಿಂದ ನುಂಗುವುದರಿಂದ, ಕೊಕ್ಕೆಯು ಎರೆಯ ಯಾವ ಭಾಗದಲ್ಲಿದೆ ಎಂಬುದರ ಮೇಲೆ ಎಳೆಯಬೇಕಾದ ಗಳಿಗೆಯೂ ನಿರ್ಧಾರವಾಗುತ್ತದೆ.

ಈ ಸಮಸ್ಯೆಯು ಅತ್ಯಂತ ನಿಚ್ಚಳವಾಗಿ ಕಾಣುವುದು ಕರ್ನಾಟಕದಿಂದ ಬಹುದೂರದ ಶೀತದೇಶಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಗೆ ರಂಧ್ರ ಕೊರೆದು, ಪೈಕ್ ಎಂಬ ಉದ್ದ ಮೂತಿಯ, ಚೂಪು ಹಲ್ಲಿನ ಬೇಟೆಮೀನಿಗಾಗಿ ಸತ್ತ ಮೀನನ್ನು ಇಳಿಬಿಡುತ್ತಾರೆ. ತಣ್ಣೀರಿನಲ್ಲಿ ಪೈಕ್ ಓಡಿ ಬೇಟೆಯಾಡುವುದಕ್ಕಿಂತ ಸತ್ತದ್ದನ್ನು ಎತ್ತಿಕೊಳ್ಳಲು ಒಲಿಯುತ್ತದೆ. ಹಲ್ಲಿಗೆ ದಾರ ತುಂಡಾಗದಂತೆ ತುದಿಯಲ್ಲಿ ಲೋಹದ ತಂತಿ ಕಟ್ಟಿ, ಮೂರು ಮೊನೆಗಳ ಎರಡು ಕೊಕ್ಕೆಗಳನ್ನು ಎರೆಯ ತಲೆಯ ಬಳಿಯೊಂದು, ಬೆನ್ನಿನ ಬಳಿಯೊಂದು ಎಂಬಂತೆ ಸಿಕ್ಕಿಸಿ, ಎರೆಯು ನೀರಿನಲ್ಲಿ ಅಡ್ಡಲಾಗಿ ತೂಗುವಂತೆ ಮಾಡುವುದು ಅಲ್ಲಿನ ರೂಢಿ. ಮೀನು ಕಚ್ಚಿದೊಡನೆ ಎಳೆದರೆ ಕೊಕ್ಕೆಯು ದವಡೆಗೆ ಸಿಕ್ಕುತ್ತದೆ. ತಡಮಾಡಿದರೆ ಹೊಟ್ಟೆಗೆ ಇಳಿದು, ಮೀನನ್ನು ನೀರಿಗೆ ಮರಳಿ ಬಿಟ್ಟರೂ ಅದು ಬದುಕುವುದು ಕಷ್ಟ. ಕನ್ನಡನಾಡಿನಲ್ಲಿ ಮಂಜುಗಡ್ಡೆ ಇಲ್ಲವಾದರೂ, ಅಗಲ ಬಾಯಿಯ ಬಾಳೆಮೀನು, ಜೊಂಡಿನ ಮರೆಯಲ್ಲಿ ಹೊಂಚುವ ಕೊರವ ಮೊದಲಾದ ಬೇಟೆಮೀನುಗಳಿಗೆ ಸಣ್ಣ ಮೀನನ್ನೋ ಕಪ್ಪೆಯನ್ನೋ ಎರೆಯಾಗಿ ಕಟ್ಟುವವರ ಮುಂದೆ ಇರುವುದೂ ಇದೇ ಪ್ರಶ್ನೆ.

ಈ ಪ್ರಶ್ನೆಯನ್ನು ಆಧುನಿಕ ಕಾಲದಲ್ಲಿ ಕರ್ನಾಟಕದ ನೀರಿಗೆ ಅನ್ವಯಿಸಿ ವಿಸ್ತಾರವಾಗಿ ಬರೆದವನು ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು ಮಹಶೀರ್ ಮೀನನ್ನು ಹಿಡಿಯುವ ಬಗೆಯನ್ನು, ಅದರಲ್ಲಿಯೂ ಸತ್ತ ಸಣ್ಣ ಮೀನನ್ನು ಹರಿವ ನೀರಿನಲ್ಲಿ ಗಿರಗಿರನೆ ತಿರುಗುವಂತೆ ಕೊಕ್ಕೆಗಳಿಗೆ ಜೋಡಿಸುವ ಕ್ರಮವನ್ನು ಚರ್ಚಿಸುತ್ತದೆ. ಮಹಶೀರಿನ ದವಡೆಯಲ್ಲಿ ಹಲ್ಲುಗಳಿಲ್ಲ. ಆದರೆ ಗಂಟಲಿನಲ್ಲಿ ಬಲವಾದ ಹಲ್ಲುಗಳಿದ್ದು, ಬಾಯಿಯ ಹಿಡಿತವು ತೆಳು ತಂತಿಯ ಕೊಕ್ಕೆಯನ್ನು ನುಗ್ಗುಮಾಡಿಬಿಡುತ್ತದೆ. ಆದ್ದರಿಂದ ಪೈಕ್ ಮೀನಿಗೆ ದಾರದ ತುದಿಯ ತಂತಿಯು ಎಷ್ಟು ಮುಖ್ಯವೋ, ಮಹಶೀರಿಗೆ ಕೊಕ್ಕೆಯ ದಪ್ಪವು ಅಷ್ಟೇ ಮುಖ್ಯ. ಕಾವೇರಿಯ ದಂಡೆಯಲ್ಲಿ ಇದೇ ಮೀನಿಗೆ ರಾಗಿ ಹಿಟ್ಟಿನ ಮುದ್ದೆಯನ್ನು ಎರೆಯಾಗಿ ಕಟ್ಟುವ ರೂಢಿ ಬೆಳೆಯಿತು. ನಾಡಿನ ಊಟವೇ ಮೀನಿಗೂ ಮೇವಾಯಿತು.

ಥಾಮಸನ ಗ್ರಂಥವು ಮುದ್ರಣ ಕಾಣುತ್ತ ಹಬ್ಬಿದಾಗ ಸೋಮೇಶ್ವರನ ಅಧ್ಯಾಯವು ಇನ್ನೂ ಹಸ್ತಪ್ರತಿಗಳಲ್ಲಿಯೇ ಉಳಿದಿತ್ತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದನೆಯ ಮೊದಲ ಸಂಪುಟವು 1925ರಲ್ಲಿ ಹೊರಬಂದಿತು. ಮರುವರ್ಷ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳ ಸಂಪಾದನೆಯ ಭಾಗವು ಪ್ರಕಟವಾಯಿತು. ಮತ್ಸ್ಯವಿನೋದವನ್ನು ಜೀವಶಾಸ್ತ್ರದ ಕಣ್ಣಿನಿಂದ ಓದಿ ವಿದ್ವತ್ ಲೋಕದ ಮುಂದಿಟ್ಟ ಕೀರ್ತಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರದು. ಅವರ ಅಧ್ಯಯನವು 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಸ್ಕೃತ ಪಂಡಿತರು ಕೇವಲ ಹೆಸರುಗಳ ಪಟ್ಟಿಯೆಂದು ದಾಟಿಹೋಗಬಹುದಾಗಿದ್ದ ಶ್ಲೋಕಗಳಲ್ಲಿ ಮೀನಿನ ನಡವಳಿಕೆಯ ನಿಖರ ವರ್ಣನೆಯಿದೆಯೆಂದು ಕಾಣಲು ಮೀನನ್ನು ಬಲ್ಲ ಓದುಗನೇ ಬೇಕಾಯಿತು.

ಇಂದು ಕಾರ್ಖಾನೆಯ ಕೊಕ್ಕೆಗಳೂ ನೈಲಾನ್ ದಾರವೂ ಹಳ್ಳಿಯ ಸಂತೆಗೆ ಬಂದಿವೆ, ಕಮ್ಮಾರನು ಬಗ್ಗಿಸಿದ ಗಾಳವು ಅಪರೂಪವಾಗಿದೆ; ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನು ಸೇರಿದೆ. ಮತ್ಸ್ಯವಿನೋದದ ಶ್ಲೋಕಗಳನ್ನು ಮಲಪ್ರಭೆ, ತುಂಗಭದ್ರೆ, ಕೃಷ್ಣೆಯರ ದಂಡೆಯ ಹಿರಿಯ ಅಂಬಿಗರ ಮುಂದೆ ಓದಿ, ಯಾವ ಹೆಸರು ಯಾವ ಮೀನಿಗೆ ಸಲ್ಲುತ್ತದೆ, ಯಾವ ಎರೆಯನ್ನು ಈಗಲೂ ಹಾಗೆಯೇ ಕಟ್ಟುತ್ತಾರೆ ಎಂಬುದನ್ನು ಅವರ ಮಾತಿನಲ್ಲಿಯೇ ದಾಖಲಿಸುವ ಕೆಲಸವನ್ನು ಕರ್ನಾಟಕದ ವಿಶ್ವವಿದ್ಯಾಲಯಗಳೂ ಮೀನುಗಾರಿಕಾ ಕಾಲೇಜುಗಳೂ ಕೂಡಿ, ಆ ಹಿರಿಯರು ಇರುವಾಗಲೇ ಕೈಗೊಳ್ಳಬೇಕು.